ಪರದೆಗೆ ಟವೆಲ್ ಹೊದಿಸುತ್ತಿದ್ದವರು

ಇವರ ಬಗ್ಗೆ ಬರೆಯಬೇಕೆಂದರೆ ಮೊದಲು ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಳ್ಳಬೇಕು. ಕಳೆದುಕೊಳ್ಳೋಣ, ಅದಕ್ಕೇನಂತೆ. ಅದನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರೇ ಹೋದ ಮೇಲೆ ನಾನೊಬ್ಬ ಇಟ್ಟುಕೊಂಡು ಮಾಡುವುದೇನಿದೆ.

ನನಗೆ ಉಗ್ಗು ಇದೆ. ಎಲ್ಲ ಅಕ್ಷರಕ್ಕೂ ಇಲ್ಲ. ‘ಕ’ ಬಂತೆಂದರೆ ನಾಲಿಗೆ ಅಂಟಿಕೊಂಡು ಕೂರುತ್ತದೆ, ‘ಬ’ ಬಂದರೆ ತುಟಿ. ಸೊರಬದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಉಗ್ಗುವವನು ಮೇಷ್ಟ್ರಾಗಿ ಹೇಗೆ ಬದುಕಿದ ಎಂದು ನೀವು ಕೇಳಬಹುದು. ಕಳ್ಳತನದಿಂದ ಬದುಕಿದೆ. ಮರುದಿನದ ಪಾಠವನ್ನು ಹಿಂದಿನ ಸಂಜೆಯೇ ಮನೆಯ ಕಂಪ್ಯೂಟರಿನ ಮುಂದೆ ಕೂತು, ನಾಲಿಗೆ ಸಡಿಲವಾಗುವ ತನಕ ಹೇಳಿ ಹೇಳಿ ರೆಕಾರ್ಡ್ ಮಾಡುವುದು, ಬೆಳಿಗ್ಗೆ ಅದನ್ನೇ ಮೊಬೈಲಿಗೆ ತುಂಬಿಸಿಕೊಂಡು, ಕಿವಿಗೆ ಹಾಕಿಕೊಂಡು ಶಾಲೆಗೆ ನಡೆಯುವುದು. ತರಗತಿಗೆ ಕಾಲಿಟ್ಟರೆ ಮಾತು ತಾನಾಗಿಯೇ ಹರಿಯುತ್ತಿತ್ತು. ‘ಮೇಷ್ಟ್ರು ಟೇಪ್ ಹಾಕ್ದಂಗೆ ಪಾಠ ಮಾಡ್ತಾರೆ’ ಅನ್ನುತ್ತಿದ್ದರು ಹುಡುಗರು. ಅದು ನಿಜವಾಗಿಯೂ ಟೇಪೇ ಎಂದು ಆ ಮಕ್ಕಳಿಗೇನು ಗೊತ್ತು.

ಪಾಠದ ಹೊರಗೆ ಬೇರೊಂದು ಉಪಾಯವಿತ್ತು. ಸಿಕ್ಕಿಕೊಳ್ಳುವ ಪದವನ್ನು ಬಿಟ್ಟು ಅದರ ಪಕ್ಕದ ಮನೆಯ ಪದವನ್ನು ಹಿಡಿಯುವುದು. ಬಸ್ಸಿಗೆ ವಾಹನ. ಕಂಡಕ್ಟರಿಗೆ ‘ನಿರ್ವಾಹಕರೇ’. ಕರೆಂಟ್ ಹೋದರೆ ವಿದ್ಯುತ್ ಹೋಯಿತು. ಕಂಪ್ಯೂಟರ್ ಗಣಕಯಂತ್ರ. ಕಾಫಿ ಎಂದರೆ ನನಗೆ ಪ್ರಾಣ, ಆದರೆ ಹೋಟೆಲಿನಲ್ಲಿ ಕೇಳಲು ಬಾಯಿ ಬರುವುದಿಲ್ಲವಾದ್ದರಿಂದ ಸೇರದ ಚಹಾವನ್ನೇ ಜೀವನವಿಡೀ ಕುಡಿದಿದ್ದೇನೆ. ಇದರಿಂದ ಆದ ಅನಾಹುತವೆಂದರೆ, ಊರಿನಲ್ಲಿ ನಾನು ಶುದ್ಧ ಕನ್ನಡದ ಅಭಿಮಾನಿ ಎಂದು ಹೆಸರಾಗಿಬಿಟ್ಟೆ. ನಾನು ಆಡುತ್ತಿದ್ದದ್ದರಲ್ಲಿ ಮುಕ್ಕಾಲು ಸಂಸ್ಕೃತ, ಅದೂ ಯಾರಿಗೂ ಹೊಳೆಯಲಿಲ್ಲ. ಒಂದು ನವೆಂಬರಿನಲ್ಲಿ ಶಾಲು ಹೊದಿಸಿ, ಪೇಟ ಇಟ್ಟು ಸನ್ಮಾನವನ್ನೂ ಮಾಡಿದರು. ವೇದಿಕೆಯ ಮೇಲೆ ನಿಂತು ‘ಕನ್ನಡ’ ಎಂಬ ಪದವನ್ನೇ ಹೇಳಲಾರದೆ ‘ನಮ್ಮ ತಾಯ್ನುಡಿ, ನಮ್ಮ ತಾಯ್ನುಡಿ’ ಎಂದು ತಪ್ಪಿಸಿಕೊಂಡೆ. ಚಪ್ಪಾಳೆಯೋ ಚಪ್ಪಾಳೆ! ಆ ಶಾಲು ಬೀರುವಿನಲ್ಲಿದೆ. ಕಣ್ಣಿಗೆ ಬಿದ್ದಾಗಲೆಲ್ಲ ಇವತ್ತಿಗೂ ಮೈ ಬೆವರುತ್ತದೆ.

ಇಂಥ ನನ್ನನ್ನು ಶಿಕಾರಿಪುರದ ರಿಪೇರಿ ಸಾಬರ ಅಂಗಡಿಗೆ ಕೊಂಡೊಯ್ದದ್ದು ಆಯುಧ ಪೂಜೆ.

ನಮ್ಮ ಮನೆಯಲ್ಲಿ ಪೂಜೆಯ ದಿನ ಕುಡುಗೋಲು, ಹೊಲಿಗೆ ಮೆಷಿನ್ನು, ಸ್ಕೂಟರು, ಗ್ರೈಂಡರು, ಕಂಪ್ಯೂಟರು ಎಲ್ಲಕ್ಕೂ ಒಂದೇ ಸಾಲಿನಲ್ಲಿ ಅರಿಶಿನ ಕುಂಕುಮ. ಮಂಗಳಾರತಿ ಎತ್ತುವಾಗ ಯಾವ ಆಯುಧವೂ ಸದ್ದು ಮಾಡಕೂಡದು, ಕೆಲಸದಲ್ಲಿರಕೂಡದು ಎಂದು ನಮ್ಮಮ್ಮನ ಕಾಲದಿಂದ ಬಂದ ಕಟ್ಟಳೆ. ಆ ಬೆಳಿಗ್ಗೆ ನಾನು ಕಂಪ್ಯೂಟರನ್ನು ಆರಿಸಲು ಹೋದರೆ ಅದು ನೀಲಿ ಪರದೆ ಹರಡಿಕೊಂಡು, ನಾನು ಅಪ್‌ಡೇಟ್ ಆಗುತ್ತಿದ್ದೇನೆ, ದಯವಿಟ್ಟು ಆರಿಸಬೇಡಿ ಎಂದು ಹಟ ಹಿಡಿದು ಕೂತಿತು. ಹೆಂಡತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ನಿಂತಿದ್ದಾಳೆ.

“ಎಂಥದ್ರೀ ಅದರ ಗಿರಗಿರ? ಆರತಿ ಹೊತ್ನಲ್ಲಾದ್ರೂ ಅದರ ಬಾಯಿ ಮುಚ್ಚಿಸಿ ಮಾರಾಯ್ರೇ, ಕರ್ಪೂರ ಆರ್ತಾ ಉಂಟು!”

ಬಾಯಿ ಮುಚ್ಚಿಸಿದೆ. ಗೋಡೆಯ ಸ್ವಿಚ್ಚನ್ನೇ ಒತ್ತಿದೆ. ಆರತಿ ಆಯಿತು, ನಿಂಬೆಹಣ್ಣು ಇಟ್ಟದ್ದಾಯಿತು, ಬೂದುಗುಂಬಳ ಒಡೆದದ್ದಾಯಿತು. ಮರುದಿನ ಗುಂಡಿ ಒತ್ತಿದರೆ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ, ಏಳಲು ಬೇಕಾದ ಫೈಲುಗಳು ಕೆಟ್ಟಿವೆ ಎಂಬ ಒಕ್ಕಣೆ. ಎಷ್ಟು ಸಲ ಒತ್ತಿದರೂ ಅದೇ. ದಸರಾ ರಜೆ ಮುಗಿಯುತ್ತ ಬಂದಿತ್ತು. ರಜೆ ಮುಗಿದ ಮೊದಲ ವಾರ ನಾನು ಹೇಳಬೇಕಾಗಿದ್ದ ಪಾಠ ಕದಂಬರದು. ಹತ್ತಿರದ ತಾಳಗುಂದದಲ್ಲೇ ಅವರ ಶಾಸನದ ಕಂಬವಿದೆ, ನಮ್ಮ ಕಡೆಯ ಹೆಮ್ಮೆ. ಆದರೆ ಕದಂಬ ಎನ್ನುವುದಕ್ಕೆ ಪಕ್ಕದ ಮನೆಯ ಪದವೇ ಇಲ್ಲ! ಆ ಒಂದು ಪದವನ್ನು ಪಳಗಿಸಲು ವರ್ಷ ವರ್ಷವೂ ಮಾಡಿದ್ದ ರೆಕಾರ್ಡಿಂಗುಗಳನ್ನು ಮೊಬೈಲಿನಿಂದ ಅಂದಂದೇ ಅಳಿಸಿಬಿಡುತ್ತಿದ್ದೆ, ಇದ್ದವೆಲ್ಲ ಆ ಡಬ್ಬಿಯೊಳಗೆ ಸಿಕ್ಕಿಕೊಂಡಿದ್ದವು. ಅವಿಲ್ಲದೆ ತರಗತಿಗೆ ಹೋದರೆ ನನ್ನ ಬಂಡವಾಳ ಬಯಲು.

ಸೊರಬದಲ್ಲೇನು ರಿಪೇರಿ ಅಂಗಡಿಗಳಿಲ್ಲವೇ? ಇವೆ. ಎಲ್ಲ ನನ್ನ ಹಳೆಯ ವಿದ್ಯಾರ್ಥಿಗಳವೇ. ‘ಏನ್ಸಾರ್ ಇದು, ಯಾರ ದನಿ?’ ಎಂದು ಒಬ್ಬ ಕೇಳಿದರೂ ಸಂಜೆಯೊಳಗೆ ಊರೆಲ್ಲ ಡಂಗುರ. ಅದಕ್ಕೇ ಸಿಪಿಯು ಡಬ್ಬಿಯನ್ನು ಹಳೆಯ ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದೆ. ಕಂಡಕ್ಟರು ‘ಏನ್ ಸರ್, ದೇವ್ರಾ?’ ಎಂದ. ‘ಹೌದು’ ಅಂದೆ. ಅದು ಸಲೀಸಾಗಿ ಬಂತು.

ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಗಾದಿ ಹೊಲಿಯುವ ಅಂಗಡಿಗೆ ಆತುಕೊಂಡು ಅವರ ಅಂಗಡಿ. ತಂದೆ ಕಲಾಯಿ ಹಾಕುವವರು. ಇವರು ರೇಡಿಯೋದಿಂದ ಶುರು ಮಾಡಿ, ಟೇಪ್‌ರೆಕಾರ್ಡರು, ಟೀವಿ ದಾಟಿ ಕಂಪ್ಯೂಟರಿಗೆ ಬಂದವರು. ಸಣಕಲು ಆಳು. ಕನ್ನಡಕದ ಒಂದು ಕಡ್ಡಿಯ ಬದಲು ದಾರ. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಮ್ಮ ಅಂಗಡಿಗೆ ಬಂದ ಒಬ್ಬ ಗಿರಾಕಿಯ ಹೆಸರನ್ನೂ ಅವರು ಇನ್ನೊಬ್ಬರ ಮುಂದೆ ಎತ್ತಿದವರಲ್ಲ. ಅಷ್ಟಾದರೂ ನಾನು ಅವರಿಂದ ಕಲಿಯಬೇಡವೇ.

ಚಾದರ ಬಿಚ್ಚಿದೆ. ಡಬ್ಬಿಯ ನೆತ್ತಿಯ ಮೇಲಿನ ಕುಂಕುಮವನ್ನು ನೋಡಿ ಅವರು ಮುಗುಳ್ನಕ್ಕರು.

“ಹಬ್ಬದ ಮಾರನೇ ದಿನ ಬರೋವೆಲ್ಲಾ ಹಿಂಗೇ ಬರ್ತಾವ್ರಿ, ಮದುವಣಗಿತ್ತಿ ಆಗಿ. ಏನಾಗೈತೆ ಅಂತ ಆಮೇಲೆ ನೋಡಾಣ. ಮೊದ್ಲು ಹೇಳ್ರಿ, ಇದ್ರಾಗೆ ಏನು ಕಳ್ಕೋಬಾರ್ದು?”

ಎಲ್ಲರಿಗೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ ಎಂದು ನನಗೆ ಆಮೇಲೆ ತಿಳಿಯಿತು. “ಧ್ವನಿಮುದ್ರಣಗಳು. ಪಾಠದವು,” ಅಂದೆ.

“ಎಷ್ಟು ಶುದ್ಧ ಮಾತು ಸರ್ ನಿಮ್ದು. ಕೇಳೋಕೆ ಚೆಂದ ಐತೆ.”

ಅಯ್ಯೋ ದೇವರೇ, ಇವರೂ ಮೋಸ ಹೋದರಲ್ಲ ಎಂದುಕೊಂಡೆ. “ಬಿಟ್ಟು ಹೋಗ್ರಿ, ನಾಳೆ ಬರ್ರಿ” ಅಂದರು. ನಾನು ತಲೆ ಅಲ್ಲಾಡಿಸಿ ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತೆ. ನಾನಿಲ್ಲದಾಗ ಇವರು ಹಾಕಿ ಕೇಳಿಬಿಟ್ಟರೆ ಎಂಬ ಅನುಮಾನ. ಅವರಿಗೆ ಬೇಸರವಾದಂತೆ ಕಾಣಲಿಲ್ಲ. “ಇರ್ರಿ ಇರ್ರಿ, ಒಳ್ಳೇದೇ ಆತು” ಅಂದು ಸ್ಕ್ರೂ ಬಿಚ್ಚಲು ಶುರು ಮಾಡಿದರು. ಮೊದಲ ಸ್ಕ್ರೂ ಬಿಚ್ಚುವಾಗ ಡಬ್ಬಿಯನ್ನು ಮುಟ್ಟಿ “ತಪ್ಪಾತಪ್ಪಾ” ಎಂದು ಗೊಣಗಿದರು. ಪ್ರತಿ ಯಂತ್ರಕ್ಕೂ ಹಾಗೆ ಕ್ಷಮೆ ಕೇಳುವುದು ಅವರ ಪದ್ಧತಿಯಂತೆ.

ಡಬ್ಬಿಯನ್ನು ತಮ್ಮ ಮಾನಿಟರಿಗೆ ಜೋಡಿಸಿ, ಕೀಲಿಗೊಂಚಲಿಗೆ ಕಟ್ಟಿದ್ದ ಒಂದು ಪೆನ್‌ಡ್ರೈವನ್ನು ಸಿಕ್ಕಿಸಿ, ಅದರಿಂದಲೇ ಯಂತ್ರವನ್ನು ಎಬ್ಬಿಸಿದರು. ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

“ನಿಮ್ದೇನೂ ಹೋಗಿಲ್ರಿ ಸರ್. ಒಳಗೆ ಎಲ್ಲಾ ಹಂಗಂಗೇ ಐತೆ. ಎಬ್ಬಿಸೋ ಫೈಲ್ ಕೆಟ್ಟಾವೆ ಅಷ್ಟೇ. ಶುರು ಮಾಡೋಕೆ ಬರ್ತಿಲ್ಲ ಇದಕ್ಕೆ, ಪಾಪ.”

ನನಗೆ ಸರ್ರನೆ ಸಿಟ್ಟು ಬಂತು. ನನ್ನ ಗುಟ್ಟು ಗೊತ್ತಾಗಿ ಕಿಚಾಯಿಸುತ್ತಿದ್ದಾರೆ ಎಂದೇ ಭಾವಿಸಿದೆ. ಮುಖ ನೋಡಿದರೆ ಅಲ್ಲಿ ಕುಹಕವೇನೂ ಇರಲಿಲ್ಲ.

“ಬೇರೆ ಕಡೆ ಕೊಟ್ರೆ ಎಲ್ಲಾ ಒರೆಸಿ ಹೊಸಾದು ಹಾಕಿ ಕೊಡ್ತಾರ್ರಿ. ಅರ್ಧ ಗಂಟೆ ಕೆಲಸ. ಬಾಗಿಲ ಚಿಲಕ ಕೆಟ್ಟೈತೆ ಅಂತ ಮನೆ ಕೆಡವೋದಾ? ಮೊದ್ಲು ಒಳಗಿನ ಮಂದಿನ ಸುರಕ್ಷಿತ ಹೊರಗೆ ಕರ್ಕಳಾಣ, ಆಮೇಲೆ ಚಿಲಕ ನೋಡಾಣ.”

ಹೀಗಂದು ಅವರು ಮಾಡಿದ ಕೆಲಸವನ್ನು ನಾನು ಮೊದಲು ನಂಬಲೇ ಇಲ್ಲ. ಹೆಗಲ ಮೇಲಿದ್ದ ಕೆಂಪು ಚೌಕಳಿಯ ಟವೆಲನ್ನು ತೆಗೆದು ಮಾನಿಟರಿನ ಮೇಲೆ ಹೊದಿಸಿದರು. ಒಂದು ತುದಿಯನ್ನು ಬೆರಳಷ್ಟು ಎತ್ತಿ, ಇಣುಕಿ, ನನ್ನ ಫೈಲುಗಳನ್ನು ಬೇರೊಂದು ಡಿಸ್ಕಿಗೆ ನಕಲಾಗಲು ಬಿಟ್ಟು, ಮತ್ತೆ ಮುಚ್ಚಿ, ತಾವು ಗೋಡೆಯ ಕಡೆ ಮುಖ ಮಾಡಿ ಕೂತರು. ನಕಲಾಗುವಾಗ ಫೈಲುಗಳ ಹೆಸರು ಒಂದೊಂದಾಗಿ ಪರದೆಯ ಮೇಲೆ ಓಡುತ್ತವಂತೆ. ಅದನ್ನು ತಾವೂ ನೋಡಬಾರದು, ದಾರಿಯಲ್ಲಿ ಹೋಗುವವರೂ ನೋಡಬಾರದು.

“ಇದೇನು ಸಾಬರೇ?” ಎಂದು ಕೇಳಿದೆ.

ಅವರು ಅಟ್ಟದ ಕಡೆ ಕೈ ತೋರಿಸಿದರು. ಅಲ್ಲಿ ಹಳೆಯ ಕಾಲದ ಒಂದು ಕಂಪ್ಯೂಟರು, ಧೂಳಿಲ್ಲದೆ, ಮೇಲೆ ಬಿಳಿ ಬಟ್ಟೆ ಮುಚ್ಚಿಸಿಕೊಂಡು ಕೂತಿತ್ತು. ಅದರ ಕಥೆಯನ್ನು ಅವರು ಗೋಡೆಗೇ ಹೇಳಿದಂತೆ ಹೇಳಿದರು. ಕೆಲಸ ಹೊಸದಾಗಿದ್ದಾಗ ಒಬ್ಬರು ತಂದುಕೊಟ್ಟದ್ದು. ಊರಲ್ಲಿ ಒಳ್ಳೆಯ ಹೆಸರಿದ್ದ, ಗಿರಿಜಾ ಮೀಸೆಯ ಮನುಷ್ಯ. ರಿಪೇರಿ ಮುಗಿದು, ಪರದೆ ರಸ್ತೆಯ ಕಡೆ ಇದ್ದಾಗಲೇ ಕಂಪ್ಯೂಟರು ಎದ್ದಿತು, ಪರದೆಯ ತುಂಬ ಅವರ ಫೋಟೋ. ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತಿದ್ದರು. ಚಹಾ ಕುಡಿಯುತ್ತ ನಿಂತಿದ್ದವರೆಲ್ಲ ಹೋ ಎಂದು ನಕ್ಕರು. ಅಷ್ಟರಲ್ಲಿ ಅವರೇ ಬಂದರು. ಬಾಗಿಲ ತನಕ ಬಂದು, ನೋಡಿ, ಹಾಗೇ ತಿರುಗಿ ಹೋದರು.

“ನಾಟಕದ್ದಿರಬೋದು. ಸುಮ್ನೆ ಇಷ್ಟ ಇರಬೋದು. ನಮಗ್ಯಾಕ್ರಿ ಅದು? ಆವತ್ತಿಂದ ತಗಂಡು ಹೋಗೋಕೆ ಬರ್ಲೇ ಇಲ್ಲ. ಮನೆಗೆ ಹೋದ್ರೆ ಒಳಗೇ ಇದ್ಕಂಡು ಇಲ್ಲ ಅನ್ನಿಸ್ತಾರೆ. ನಾಚಿಕೆ ಆಗಬೇಕಾದ್ದು ನನಗೆ, ಆಗಿದ್ದು ಅವ್ರಿಗೆ. ಅದೇ ದಿನ ಸಂತೇಲಿ ಈ ಟವಲ್ ತಂದೆ ನೋಡ್ರಿ.” ವಾರಕ್ಕೊಮ್ಮೆ ಅದನ್ನು ಒರೆಸಿ, ಆಗಾಗ ಹೊತ್ತಿಸಿ, ಜೀವ ಇದೆಯೋ ಇಲ್ಲವೋ ನೋಡಿ ಇಡುತ್ತಿದ್ದರು. ಆ ಮೀಸೆಯವರು ಯಾವತ್ತಾದರೂ ಬರಬಹುದಲ್ಲ ಎಂದು.

ಅನುಮಾನದಿಂದ ಸ್ಟೂಲಿಗೆ ಅಂಟಿಕೊಂಡು ಕೂತಿದ್ದ ನನಗೆ ಆಗಲೇ ಮುಖ ತೋರಿಸಲು ನಾಚಿಕೆಯಾಯಿತು.

ನಕಲು ಮುಗಿಯುವ ಹೊತ್ತಿಗೆ ಊಟದ ಸಮಯ. ಆಮೇಲೆ ಡಿಸ್ಕಿಗೇ ಪೆಟ್ಟಾಗಿದೆಯೇ ಎಂಬ ಪರೀಕ್ಷೆ. ಆಗಿರಲಿಲ್ಲ. ಬಳಿಕ ಸಿಸ್ಟಮ್ ಫೈಲುಗಳನ್ನು ಒಂದೊಂದಾಗಿ ತಡವಿ, ಕೆಟ್ಟದ್ದರ ಜಾಗದಲ್ಲಿ ಒಳ್ಳೆಯದನ್ನು ಕೂರಿಸುವ ಕೆಲಸ. ಕಪ್ಪು ಪರದೆಯ ಮೇಲೆ ನೂರಕ್ಕೆ ಇಷ್ಟು, ನೂರಕ್ಕೆ ಇಷ್ಟು ಎಂದು ಏರುತ್ತ ಹೋಗಿ ಕೊನೆಗೆ, ಕೆಲವನ್ನು ಸರಿಮಾಡಲಾಗಲಿಲ್ಲ ಎಂದಿತು. ಸಾಬರು ‘ಚ್ಚು’ ಎಂದರು. ಸರಿಮಾಡುವುದಕ್ಕೆಂದು ಯಂತ್ರದೊಳಗೇ ಇರುವ ಒಳ್ಳೆಯ ಪ್ರತಿಗಳೂ ಕೆಟ್ಟಿದ್ದವಂತೆ. ಅವನ್ನು ತಮ್ಮ ಪೆನ್‌ಡ್ರೈವಿನಿಂದ ಹೊಸದಾಗಿ ತುಂಬಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ನಡುನಡುವೆ “ಬಾರಪ್ಪಾ, ಏಳಪ್ಪಾ, ಅವಸರ ಇಲ್ಲ” ಎಂದು ಅದಕ್ಕೆ ಸಮಾಧಾನ. ಬೈದದ್ದು ನಾನು ಕೇಳಲಿಲ್ಲ. ನಾನಾಗಿದ್ದರೆ ಅಷ್ಟರಲ್ಲಿ ಎರಡು ಬಿಗಿಯುತ್ತಿದ್ದೆ.

ಇಳಿಹೊತ್ತಿನಲ್ಲಿ, ಮತ್ತೆ ಹೊದಿಸಿದ ಟವೆಲಿನಡಿ, ಯಂತ್ರ ಎದ್ದಿತು. ಆ ನೀಲಿ ಬೆಳಕು ಟವೆಲಿನ ಅಂಚಿನಿಂದ ಕಂಡಾಗ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಸರಿಯಾಗಿ ಅದೇ ಹೊತ್ತಿಗೆ ಅಂಗಡಿಗೆ ಇಬ್ಬರು ಬಂದರು. ಒಬ್ಬರು ಪಕ್ಕದ ಗಾದಿಯವರು, ಕೈಯಲ್ಲಿ ಚಹಾದ ಲೋಟಗಳು. ಇನ್ನೊಬ್ಬರು ಊರಿನ ಒಂದು ಟ್ಯೂಷನ್ ಸೆಂಟರಿನ ಯಜಮಾನರು. ಅವರ ಜೀಪಿನ ಹಿಂದೆ ಕಂಪ್ಯೂಟರುಗಳು ಪೇರಿಸಿದ್ದವು. ಅವನ್ನೆಲ್ಲ ನೋಡಿಕೊಳ್ಳುವ ವರ್ಷಾವಧಿ ಕೆಲಸವನ್ನು ಸಾಬರಿಗೆ ಒಪ್ಪಿಸಲು ಬಂದಿದ್ದರು. ಆ ಕೆಲಸಕ್ಕಾಗಿ ಸಾಬರು ಎಷ್ಟು ದಿನದಿಂದ ಕಾದಿದ್ದರೆಂಬುದು ಅವರು ಎದ್ದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

“ಬರ್ರಿ ಬರ್ರಿ, ಕೂಡ್ರಿ. ಇದೊಂದು ಸೌಂಡ್ ನೋಡಿ ಬಿಡ್ತೀನಿ. ಎದ್ದು ಕೂತೈತೆ,” ಎಂದು ಹೆಮ್ಮೆಯಿಂದ ಹೇಳಿ, ತಮ್ಮ ಪೆನ್‌ಡ್ರೈವಿನಲ್ಲಿದ್ದ ಶಹನಾಯಿಯ ತುಣುಕೊಂದನ್ನು ಹಾಕಲು ಹೋದರು. ಸ್ಪೀಕರು ಜೋರಾಗಿಯೇ ಇತ್ತು. ಟವೆಲ್ ಎತ್ತಿ ನೋಡಿ ಒತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪರದೆಯ ಮೇಲೆ ನನ್ನ ಫೈಲುಗಳ ಹೆಸರಿರಬಹುದೆಂದು, ಮುಖ ಆಚೆ ತಿರುಗಿಸಿಕೊಂಡು, ಅಂದಾಜಿನಲ್ಲಿ ಒತ್ತಿದರು.

“ಕ್... ಕ್... ಕ್...”

ನನ್ನ ದನಿ. ಅಂಗಡಿಯ ತುಂಬ, ಗಲ್ಲಿಯ ತನಕ.

“ಕ್... ಕ್... ಕ...” ಹಿಂದೆಯೇ ಕೈಯಿಂದ ಮೇಜು ಗುದ್ದಿದ ಸದ್ದು. “ಥೂ ನಿನ್ನ! ಕ್... ಕ್...”

ಗಾದಿಯವರು ಲೋಟ ಹಿಡಿದು ನಿಂತರು. ಟ್ಯೂಷನ್ ಯಜಮಾನರು ಕಿಸಕ್ಕನೆ ನಕ್ಕು, “ಯಾರ್ರೀ ಇದು ಪುಣ್ಯಾತ್ಮ?” ಅಂದರು.

ಸಾಬರು ಆರಿಸಿದರು. ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ. ಆ ಬಾಯಿಗೆ ಅವರು ಚಹಾದ ಲೋಟವನ್ನು ಒಡ್ಡಿದರು, “ಕುಡೀರಿ ಸರ್, ಆರಿಹೋಗ್ತೈತೆ” ಎಂದು. ಆಮೇಲೆ ಯಜಮಾನರ ಕಡೆ ತಿರುಗಿ ಶಾಂತವಾಗಿ ಹೇಳಿದರು:

“ಯಾರೂ ಅಲ್ರಿ. ಸೌಂಡಿನ ಫೈಲ್ ಕೆಟ್ಟಾವೆ. ಪೂರ್ತಿ ಕೂಡಿಲ್ಲ. ಸ್ವರ ಸಿಕ್ಕೊಂಡು ಹಿಂಗೆ ಬಡ್ಕಳ್ತೈತೆ.”

“ಥೂ ನಿನ್ನ ಅಂತ ಸ್ಪಷ್ಟ ಬೈತಲ್ಲಪ್ಪಾ?”

“ಅದೂ ಕೆಟ್ಟಿದ್ದೇ ರೀ.”

“ಬೆಳಿಗ್ಗಿಂದ ಇದನ್ನೇ ಹಿಡ್ಕಂಡು ಕೂತಿದೀಯಂತೆ, ಈಗ ಎದ್ದು ಕೂತೈತೆ ಅಂದೆ. ಹಂಗಾದ್ರೆ ನಿನ್ನ ಕೈಲಿ ಆಗ್ಲಿಲ್ಲ ಅನ್ನು.”

ಸಾಬರು ಟವೆಲಿನ ಅಂಚನ್ನು ಸರಿಮಾಡಿದರು. “ಆಗ್ಲಿಲ್ರಿ,” ಅಂದರು.

ಯಜಮಾನರು “ನಮ್ದು ಆಮೇಲೆ ನೋಡಾಣ ತಗಾ” ಎಂದು ಜೀಪು ಹತ್ತಿದರು. ಪೇರಿಸಿದ್ದ ಕಂಪ್ಯೂಟರುಗಳು ಹೇಗೆ ಬಂದಿದ್ದವೋ ಹಾಗೇ ಹೋದವು. ಅವು ಆ ಅಂಗಡಿಗೆ ಮತ್ತೆ ಬರಲಿಲ್ಲ. ಗಾದಿಯವರೂ ತಲೆ ಕೆರೆದುಕೊಂಡು ಹೋದರು. ಸಾಬರು ನನ್ನ ಡಬ್ಬಿಯ ಮೇಲೆ ಕೈಯಿಟ್ಟು, “ನಿನ್ನ ಮೇಲೆ ಸುಳ್ಳು ಹೇಳಿದೆ. ತಪ್ಪಾತಪ್ಪಾ,” ಎಂದರು. ಅದನ್ನು ಅವರು ತಮಾಷೆಗೆ ಅನ್ನಲಿಲ್ಲ. ಮುಖ ಸಣ್ಣದಾಗಿತ್ತು. ಯಂತ್ರದ ವಿಷಯದಲ್ಲಿ ಸುಳ್ಳು ಹೇಳದವರು ಎಂಬ ಒಂದೇ ಹೆಸರನ್ನು ಅವರು ಆ ಗಲ್ಲಿಯಲ್ಲಿ ಸಂಪಾದಿಸಿಕೊಂಡಿದ್ದರು.

ನಾನು ಹೇಳಲು ಹೊರಟೆ. “ಅದು... ನನ್ನ... ಕ್... ಕ್...” ಕಂಠ ಎನ್ನಬೇಕಿತ್ತೋ, ಕಷ್ಟ ಎನ್ನಬೇಕಿತ್ತೋ, ನನಗೇ ತಿಳಿಯದು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಎದುರಿಗಿರುವವರು ಪದವನ್ನು ತಾವೇ ಮುಗಿಸಿ ಕೊಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ, ಅದು ಕೆನ್ನೆಗೆ ಬಿಗಿದ ಹಾಗಿರುತ್ತದೆ. ಇವರು ಕೊಡಲಿಲ್ಲ. ನನ್ನ ಫೈಲು ನಕಲಾಗುವಾಗ ಹೇಗೆ ಕೂತಿದ್ದರೋ ಹಾಗೇ ಗೋಡೆಯ ಕಡೆ ಮುಖ ಮಾಡಿ, ಎಷ್ಟು ಹೊತ್ತಾದರೂ ಆಗಲಿ ಎಂಬಂತೆ ಕೂತರು. ಕೊನೆಗೆ ನಾನೇ ಸುತ್ತುಬಳಸಿ ಹೇಳಿದೆ, “ಅವರ ಹಿಂದೆಯೇ ಹೋಗಿ ನಿಜ ಹೇಳ್ತೀನಿ.”

“ಬ್ಯಾಡ್ರಿ ಸರ್. ಸಿಕ್ಕಿಬಿದ್ದು ಹೇಳಿದ್ದು ಹೇಳಿದಂಗಲ್ಲ. ನಿಮಗೇ ಹೇಳಬೇಕು ಅನಿಸಿದ ದಿನ ಹೇಳ್ರಿ. ನನ್ನ ಅಂಗಡೀಲಿ ಇನ್ನೊಬ್ರ ಮಾನ ಹೋಗೋದು ಬ್ಯಾಡ.” ಅಟ್ಟದ ಕಡೆ ನೋಡಿದರು. “ಒಂದು ಹೋಗಿದ್ದೇ ಸಾಕಾಗೈತೆ.”

ರಜೆ ಮುಗಿಯಿತು. ಕದಂಬರ ಪಾಠ ಟೇಪ್ ಹಾಕಿದ ಹಾಗೆ ಆಯಿತು.

ಆಮೇಲೆ ನಾನು ನೆಪ ಮಾಡಿಕೊಂಡು ಶಿಕಾರಿಪುರಕ್ಕೆ ಹೋಗತೊಡಗಿದೆ. ಮೌಸ್ ಕೆಟ್ಟಿದೆ, ಕೀಬೋರ್ಡಿಗೆ ಇರುವೆ ಹೊಕ್ಕಿದೆ. ಅವರ ಮುಂದೆ ನಾನು ಪದ ಬದಲಿಸುವುದನ್ನು ಬಿಟ್ಟೆ. ಕಂಪ್ಯೂಟರ್ ಎನ್ನಲು ಮೂರು ಬಸ್ಸು ಹೋಗುವಷ್ಟು ಹೊತ್ತು ಹಿಡಿದರೂ ಅವರು ತಿರುಗಿ ನೋಡುತ್ತಿರಲಿಲ್ಲ, ಸ್ಕ್ರೂ ಬಿಗಿಯುತ್ತಿದ್ದರು. ಮೊದಲ ಸಲ ನಾನು “ಕಾಫಿ” ಎಂದು ಪೂರ್ತಿ ಹೇಳಿದ್ದು ಆ ಅಂಗಡಿಯಲ್ಲಿ. ಅವರು ತಕ್ಷಣ ಎದ್ದುಹೋಗಿ ಎರಡು ಕಾಫಿ ತಂದರು. “ಇಷ್ಟು ದಿನ ಚಾ ಕುಡಿಸಿ ಕೊಂದ್ನೇನ್ರಿ ನಿಮ್ಮನ್ನ?” ಎಂದು ಹಣೆ ಚಚ್ಚಿಕೊಂಡರು.

ಒಂದು ಭಾನುವಾರ ತಾಳಗುಂದಕ್ಕೆ ಕರೆದುಕೊಂಡು ಹೋದೆ. ಮೆಕ್ಕೆಜೋಳದ ಹೊಲ ದಾಟಿ ಶಾಸನದ ಕಂಬದ ಮುಂದೆ ನಿಲ್ಲಿಸಿ, ರೆಕಾರ್ಡಿಂಗಿನ ಹಂಗಿಲ್ಲದೆ, ಉಗ್ಗುತ್ತಲೇ ಕದಂಬರ ಕಥೆಯನ್ನೆಲ್ಲ ಹೇಳಿದೆ. ನನ್ನ ಇಡೀ ವೃತ್ತಿಯಲ್ಲಿ ನಾನು ನಿಜವಾಗಿ ಮಾಡಿದ ಪಾಠ ಅದೊಂದೇ. ಅವರು ಕಂಬದ ಅಕ್ಷರಗಳನ್ನು ಕನ್ನಡಕ ಏರಿಸಿ ನೋಡಿ, “ಕಲ್ಲಿಗೆ ಪವರ್ ಕಟ್ ಇಲ್ಲ ನೋಡ್ರಿ. ಹಬ್ಬದ ದಿನ ಯಾರೂ ಸ್ವಿಚ್ ತೆಗಿಯೋಕೂ ಆಗಲ್ಲ,” ಅಂದು ನನ್ನನ್ನು ಓರೆಗಣ್ಣಿನಿಂದ ನೋಡಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ಗಲ್ಲಿಗೆ ಹೋದಾಗಲೆಲ್ಲ ನನ್ನ ಕಿವಿಗೆ ಒಂದು ಮಾತು ಬೀಳುತ್ತಿತ್ತು. ಟ್ಯೂಷನ್ ಯಜಮಾನರು ಅಂದಿನ ಕಥೆಯನ್ನು ಹೋದಲ್ಲೆಲ್ಲ ಹೇಳಿದ್ದರು. ದಾರಿಯಲ್ಲಿ ಹೋಗುವವರು ಅಂಗಡಿಯ ಮುಂದೆ ಸೈಕಲ್ ನಿಧಾನ ಮಾಡಿ, “ಏನ್ ಸಾಬ್ರೇ, ಸ್ವರ ಕೂಡ್ತಾ?” ಎಂದು ಕೇಳಿ ನಗುವುದು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಸಾಬರೂ ನಗುತ್ತ “ಇನ್ನೂ ಇಲ್ರಿ” ಅನ್ನುತ್ತಿದ್ದರು. ಅವರ ಪಕ್ಕದಲ್ಲೇ, ಅವರು ತರಿಸಿಕೊಟ್ಟ ಕಾಫಿ ಕುಡಿಯುತ್ತ ನಾನು ಕೂತಿರುತ್ತಿದ್ದೆ. ಆ ಕೂಡದ ಸ್ವರ ನಾನೇ. ಇವತ್ತು ಹೇಳುತ್ತೇನೆ, ಮುಂದಿನ ಸಲ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹೇಳಬೇಕು ಅನಿಸಿದ ದಿನ ಹೇಳಿ ಎಂದಿದ್ದರಲ್ಲ, ನನಗೆ ದಿನಾ ಅನಿಸುತ್ತಿತ್ತು, ದಿನಾ ನಾಲಿಗೆಯ ನೆಪ ಸಿಗುತ್ತಿತ್ತು. ಅವರು ಒಮ್ಮೆಯೂ ನೆನಪಿಸಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಹೋದ ತಿಂಗಳು ಗಾದಿಯವರು ಫೋನ್ ಮಾಡಿದರು. ಸ್ಟೂಲಿನ ಮೇಲೆ ಕೂತಲ್ಲಿಯೇ ಎದೆ ಹಿಡಿದುಕೊಂಡರಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ನಾನು ಹೋಗುವ ಹೊತ್ತಿಗೆ ಮಣ್ಣು ಕೂಡ ಆಗಿತ್ತು. ನಾಲ್ಕಾರು ದಿನ ಕಳೆದು ಗಲ್ಲಿಯ ಅಂಗಡಿಯವರೆಲ್ಲ ಸೇರಿ ಒಂದು ಸಭೆ ಇಟ್ಟುಕೊಂಡರು. ‘ಎರಡು ಮಾತು ಆಡಬೇಕು ಸರ್, ನಿಮ್ಮಂಥ ಶುದ್ಧ ಭಾಷೆಯವರು ಆಡಿದ್ರೆ ಚೆಂದ’ ಎಂದರು. ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಅವರೇ ಎಬ್ಬಿಸಿಕೊಟ್ಟ ಅದೇ ಕಂಪ್ಯೂಟರಿನ ಮುಂದೆ, ಮಾತನ್ನು ಪಳಗಿಸಿಕೊಂಡು ಹೋದೆ. ‘ಕ’ ಇಲ್ಲದ, ‘ಬ’ ಇಲ್ಲದ, ನುಣ್ಣನೆಯ ಭಾಷಣ.

ಮುಚ್ಚಿದ ಶಟರಿನ ಮುಂದೆ ಶಾಮಿಯಾನ. ಫೋಟೋ ಇಡುವುದು ಬೇಡ ಎಂದು ಮನೆಯವರು ಹೇಳಿದ್ದರಿಂದ ಅವರ ಸ್ಟೂಲನ್ನೇ ಮುಂದೆ ಇಟ್ಟಿದ್ದರು. ಗಾದಿಯವರು ಕೆಂಪು ಚೌಕಳಿಯ ಟವೆಲನ್ನು ಮಡಚಿ ಅದರ ಮೇಲಿಟ್ಟಿದ್ದರು. ಅಟ್ಟದ ಮೇಲಿದ್ದ ಆ ಬಿಳಿ ಬಟ್ಟೆಯ ಕಂಪ್ಯೂಟರನ್ನು ನಮ್ಮ ಅಂಗಡಿಗೆ ಸಾಗಿಸಿದ್ದೇನೆ, ಕೇಳಿಕೊಂಡು ಯಾರಾದರೂ ಬಂದರೆ ಕೊಡಬೇಕು ಎಂದು ನನ್ನ ಕಿವಿಯಲ್ಲಿ ಹೇಳಿದರು.

ನನಗಿಂತ ಮೊದಲು ಮಾತಾಡಿದವರು ಟ್ಯೂಷನ್ ಯಜಮಾನರು. ಒಳ್ಳೆಯ ಮಾತುಗಳನ್ನೇ ಆಡಿದರು. ಕೊನೆಯಲ್ಲಿ, “ಕೈಗೆ ಬಂದ ಯಾವ ಮೆಷಿನ್ನೂ ಏಳದೆ ವಾಪಸ್ ಹೋಗಿಲ್ಲ. ಒಂದೇ ಒಂದು ಮಾತ್ರ ಸಾಬ್ರನ್ನ ಸೋಲಿಸ್ತು. ಗೊತ್ತಲ್ಲ ನಿಮಗೆಲ್ಲಾ, ಸ್ವರ ಕೂಡ್ಲೇ ಇಲ್ಲ!” ಎಂದರು. ಜನ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಸತ್ತ ಮೇಲೂ ಆ ಸೋಲು ಅವರ ಮೇಲೆ ಹಾಗೇ ಉಳಿಯಿತಲ್ಲ. ಮುಂದಿನ ಸಾಲಿನಲ್ಲಿ ಸಾಬರ ಮಗಳು ತಲೆ ತಗ್ಗಿಸಿ ಕೂತಿದ್ದಳು.

ನನ್ನನ್ನು ಕರೆದರು. ಮೈಕಿನ ಮುಂದೆ ನಿಂತೆ. ಪಳಗಿಸಿಕೊಂಡು ಬಂದ ಭಾಷಣ ನಾಲಿಗೆಯ ತುದಿಯಲ್ಲೇ ಇತ್ತು, ನುಣ್ಣಗೆ. ಅದನ್ನು ನುಂಗಿದೆ.

“ಆವತ್ತಿನ ಆ ಕ್... ಕ್... ಕ್...”

ಯಾರೋ ಕೆಮ್ಮಿದರು. ಹಿಂದಿನಿಂದ ಮೈಕಿನವನು ಓಡಿ ಬಂದು ವೈರನ್ನು ಹಿಡಿದು ಅಲ್ಲಾಡಿಸಿ, ಮೈಕಿನ ತಲೆಗೆ ಎರಡು ಬಡಿದು, “ಮೈಕ್ ಕೈ ಕೊಡ್ತು ಸರ್, ಒಂದ್ನಿಮಿಷ. ಸ್ವರ ಸಿಕ್ಕಳ್ತಾ ಐತೆ,” ಅಂದ.

ನಾನು ಅವನ ಕೈ ಹಿಡಿದೆ.

“ಮೈಕ್ ಸರಿ ಇದೆಯಪ್ಪಾ,” ಅಂದೆ. ಸ್ಟೂಲಿನ ಮೇಲಿನ ಟವೆಲನ್ನು ನೋಡುತ್ತ ಮತ್ತೆ ಶುರು ಮಾಡಿದೆ. “ಆವತ್ತು ಆ ಕ್... ಕ್... ಕಂಪ್ಯೂಟರೂ ಸರಿ ಇತ್ತು. ಅವರು ಸರಿ ಮಾಡಿದ್ದರು. ಅದು ನನ್ನ ದನಿ.”